ರ‍್ಯಾಂಚ್ ಕೆರೆಯ ಬಾಸ್, ಸನ್‌ಫಿಶ್ ಮತ್ತು ಫ್ಲೈ ಗಾಳ

ತೋಟದ ಕೆರೆ ಎಂದರೆ ನಮಗೆ ಮೊದಲು ನೆನಪಾಗುವುದು ಸ್ಪ್ರಿಂಕ್ಲರ್. ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ, ಬೇಸಿಗೆಯಲ್ಲಿ ಅಡಿಕೆಗೆ ನೀರು ಬೇಕೆಂದು ತೋಡಿಸಿದ ಕೆರೆ ಅದು. ಅದರಲ್ಲಿ ನಾಲ್ಕು ಮೀನು ಸಿಕ್ಕಿದರೆ ಮೇಲುಸಂಪಾದನೆ. ಅಮೆರಿಕದ ರ‍್ಯಾಂಚ್‌ಗಳಲ್ಲಿಯೂ ಕೆರೆಗಳು ಹೆಚ್ಚಾಗಿ ಹುಟ್ಟಿದ್ದು ಹೀಗೆಯೇ, ಮೀನಿಗಾಗಿ ಅಲ್ಲ. ರ‍್ಯಾಂಚ್ ಎಂದರೆ ನೂರಾರು, ಕೆಲವೊಮ್ಮೆ ಸಾವಿರಾರು ಎಕರೆಯ ದನಗಾವಲು. ಅಲ್ಲಿ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಮಳೆನೀರು ನಿಲ್ಲಿಸಿ, ದನಗಳು ಕುಡಿಯಲೆಂದು ಬಿಡುತ್ತಾರೆ. ಟೆಕ್ಸಾಸ್ ರಾಜ್ಯದವರು ಇಂಥ ಕೆರೆಯನ್ನು ‘ಟ್ಯಾಂಕ್’ ಎಂದೇ ಕರೆಯುತ್ತಾರೆ. ನಮ್ಮ ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿಯೂ ಕೆರೆಗೆ ಇರುವುದು ಇದೇ ಪದ.

1930ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯಲ್ಲಿ ಬರಗಾಲ ಬಿದ್ದು, ಉತ್ತ ಹೊಲಗಳ ಮೇಲ್ಮಣ್ಣು ಧೂಳಾಗಿ ಹಾರಿಹೋಯಿತು. 1935ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಮಣ್ಣು ಸಂರಕ್ಷಣೆಗೆಂದೇ ಒಂದು ಇಲಾಖೆಯನ್ನು ತೆರೆಯಿತು. ಬದು, ಏರಿ, ಕೃಷಿಹೊಂಡಗಳಿಗೆ ಸಲಹೆ ಮತ್ತು ನೆರವು ದೊರೆಯಲಾರಂಭಿಸಿತು. ಮುಂದಿನ ದಶಕಗಳಲ್ಲಿ ಲಕ್ಷಗಟ್ಟಲೆ ಸಣ್ಣ ಕೆರೆಗಳು ಎದ್ದವು. ನೀರು ನಿಂತ ಮೇಲೆ ಅದರಲ್ಲಿ ಏನು ಬಿಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಹುಪಾಲು ಕಡೆ ಬಿಟ್ಟದ್ದು ಎರಡು ಮೀನು: ಲಾರ್ಜ್‌ಮೌತ್ ಬಾಸ್ ಮತ್ತು ಬ್ಲೂಗಿಲ್ ಎಂಬ ಸನ್‌ಫಿಶ್.

ಹೆಸರು ಬೇರೆಯಾದರೂ ಎರಡೂ ಒಂದೇ ಕುಟುಂಬದವು. ಬಾಸ್ ಎಂಬುದು ಸನ್‌ಫಿಶ್ ಕುಟುಂಬದ ದೊಡ್ಡಣ್ಣ ಎನ್ನಬಹುದು. ಹಸಿರು ಮೈ, ಪಕ್ಕಕ್ಕೆ ಕಪ್ಪು ಪಟ್ಟೆ, ಕಣ್ಣಿನ ಹಿಂದಕ್ಕೂ ಸೀಳಿದ ದೊಡ್ಡ ಬಾಯಿ. ಮೀನು, ಕಪ್ಪೆ, ಸಿಗಡಿ, ಕೊಡತಿ ಹುಳು, ಬಾಯಿಗೆ ಹಿಡಿಸಿದ್ದೆಲ್ಲ ಅದರ ಆಹಾರ. ಬ್ಲೂಗಿಲ್ ಅಂಗೈಯಗಲದ ಚಪ್ಪಟೆ ಮೀನು. ಕಿವಿರಿನ ತುದಿಯಲ್ಲಿ ಕಪ್ಪು ಬೊಟ್ಟು, ಕೆನ್ನೆಯಲ್ಲಿ ನೀಲಿಯ ಛಾಯೆ, ಬಾಯಿ ಮಾತ್ರ ಬಟಾಣಿ ಕಾಳು ಹಿಡಿಸುವಷ್ಟು. ನೀರಹುಳು, ಇರುವೆ, ಜೀರುಂಡೆ, ಏರೋಪ್ಲೇನ್ ಚಿಟ್ಟೆಯ ಮರಿ ಇವನ್ನು ತಿಂದು ಬದುಕುತ್ತದೆ. ಬ್ಲೂಗಿಲ್ ಹುಳು ತಿನ್ನಬೇಕು, ಬಾಸ್ ಬ್ಲೂಗಿಲ್ ಮರಿಗಳನ್ನು ತಿನ್ನಬೇಕು, ಮನುಷ್ಯ ಎರಡನ್ನೂ ತಿನ್ನಬೇಕು. ಲೆಕ್ಕ ನೋಡಿದರೆ ಸುಲಭ. ಆದರೆ ಬಹಳ ಕೆರೆಗಳು ನಾಲ್ಕೈದು ವರ್ಷಗಳಲ್ಲಿ ಕೆಟ್ಟವು.

ಕೆಟ್ಟದ್ದು ಹೇಗೆ? ಜಿಲೇಬಿ ಮೀನು ತುಂಬಿದ ಕೆರೆಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ನೀರು ಕಲಕಿದರೆ ಸಾವಿರ ಮೀನು, ಒಂದೂ ಮೂರು ಬೆರಳಿಗಿಂತ ದೊಡ್ಡದಲ್ಲ. ಅಮೆರಿಕದ ಕೆರೆಗಳಲ್ಲಿಯೂ ಇದೇ ಆಯಿತು. ಯಜಮಾನನೂ ನೆಂಟರೂ ಬಂದು ದೊಡ್ಡ ಬಾಸ್‌ಗಳನ್ನೆಲ್ಲ ಹಿಡಿದು ತಿಂದರು, ಸಣ್ಣ ಬ್ಲೂಗಿಲ್‌ಗಳನ್ನು ‘ಪಾಪ, ಬೆಳೆಯಲಿ’ ಎಂದು ನೀರಿಗೆ ಬಿಟ್ಟರು. ಅವು ಬೆಳೆಯಲಿಲ್ಲ. ತಿನ್ನುವ ಬಾಯಿ ಹೆಚ್ಚಾಗಿ, ಹುಳು ಕಡಿಮೆಯಾಗಿ, ಎಲ್ಲವೂ ಮೂರು ನಾಲ್ಕು ಅಂಗುಲಕ್ಕೆ ನಿಂತವು. ಇನ್ನೂ ಕೆಟ್ಟದ್ದೆಂದರೆ, ಹಸಿದ ಬ್ಲೂಗಿಲ್ ಹಿಂಡು ಬಾಸ್‌ನ ಗೂಡಿಗೇ ನುಗ್ಗಿ ಮೊಟ್ಟೆ ಮರಿಗಳನ್ನು ತಿನ್ನುತ್ತದೆ. ಹೀಗಾಗಿ ಒಮ್ಮೆ ಜಾರಿದ ಕೆರೆ ತಾನಾಗಿ ಮೇಲೇಳುವುದಿಲ್ಲ.

ಇದನ್ನು ಲೆಕ್ಕ ಹಾಕಿ ತಿಳಿಸಿದವರು ಅಲಬಾಮ ರಾಜ್ಯದ ಹೋಮರ್ ಸ್ವಿಂಗಲ್ ಎಂಬ ವಿಜ್ಞಾನಿ. ಇಂದು ಆಬರ್ನ್ ವಿಶ್ವವಿದ್ಯಾನಿಲಯ ಎನಿಸಿಕೊಂಡಿರುವ ಸಂಸ್ಥೆಯಲ್ಲಿ ಅವರು 1930ರ ದಶಕದಿಂದ ಕೆರೆಗಳ ಮೇಲೆ ಪ್ರಯೋಗ ನಡೆಸಿದರು. ಕೆರೆ ಬರಿದು ಮಾಡಿ, ಪ್ರತಿಯೊಂದು ಮೀನನ್ನೂ ತೂಗಿ, ಯಾವ ಕೆರೆಯಲ್ಲಿ ಬೆಳೆ ಬರುತ್ತದೆ, ಯಾವುದರಲ್ಲಿ ಬರುವುದಿಲ್ಲ ಎಂದು ನೋಡಿದರು. ಗೊಬ್ಬರ ಕೊಟ್ಟ ಕೆರೆಗೆ ಎಕರೆಗೆ 1000 ಬ್ಲೂಗಿಲ್ ಮರಿ, 100 ಬಾಸ್ ಮರಿ. ಗೊಬ್ಬರವಿಲ್ಲದ ಕೆರೆಗೆ ಇದರ ಅರ್ಧ ಎಂಬ ಪದ್ಧತಿ ಅವರ ಕೆಲಸದಿಂದ ಬಂದದ್ದು. ಕೆರೆಯಲ್ಲಿರುವ ಬಾಸ್‌ನ ಪ್ರತಿ ಪೌಂಡಿಗೆ ಅದರ ಆಹಾರದ ಮೀನು 3ರಿಂದ 6 ಪೌಂಡ್ ಇದ್ದರೆ ಕೆರೆ ಹದದಲ್ಲಿದೆ ಎಂಬುದು 1950ರಲ್ಲಿ ಅವರು ಪ್ರಕಟಿಸಿದ ಲೆಕ್ಕ. ಆ ಮುಂದಿನ ಮಾತು ನಮಗೆ ಮುಖ್ಯ: ಮರಿ ಬಿಡುವುದು ಒಂದು ದಿನದ ಕೆಲಸ, ಹದ ಕಾಯುವುದು ಪ್ರತಿ ವರ್ಷದ ಕೆಲಸ, ಮತ್ತು ಆ ಕೆಲಸ ಮಾಡುವುದು ಗಾಳ.

ಗಾಳ ಹಾಕಿಕೊಂಡು ಕೂರುವವನು ಕೆಲಸಗೇಡಿ ಎನ್ನುವವರು ನಮ್ಮಲ್ಲಿ ಉಂಟು. ರ‍್ಯಾಂಚ್ ಕೆರೆಯಲ್ಲಿ ಅವನು ಮಾಡುವುದು ನಾವು ಮರಗಸಿಯಲ್ಲಿ, ಚಿಗುರು ತೆಗೆಯುವಲ್ಲಿ ಮಾಡುವ ಕೆಲಸವನ್ನೇ. ಯಾವುದನ್ನು ತೆಗೆಯಬೇಕು, ಯಾವುದನ್ನು ಉಳಿಸಬೇಕು ಎಂದು ತಿಳಿದು ತೆಗೆಯಬೇಕು. ಇಲ್ಲಿಯೇ ಫ್ಲೈ ಗಾಳಕ್ಕೆ ಒಂದು ಅನುಕೂಲವಿದೆ. ಎರೆಹುಳು ಸಿಕ್ಕಿಸಿದ ಕೊಕ್ಕೆಯನ್ನು ಮೀನು ಗಂಟಲಿನವರೆಗೆ ನುಂಗುತ್ತದೆ. ಬಿಡಿಸುವಷ್ಟರಲ್ಲಿ ಕರುಳು ಹರಿದು, ನೀರಿಗೆ ಬಿಟ್ಟರೂ ಅದು ಸಾಯುವುದೇ ಹೆಚ್ಚು. ಫ್ಲೈ ಎಂಬುದು ಗರಿ, ಕೂದಲು, ದಾರಗಳನ್ನು ಕೊಕ್ಕೆಗೆ ಸುತ್ತಿ ಮಾಡಿದ ಹುಸಿ ಹುಳು. ರುಚಿಯಿಲ್ಲದ ಕಾರಣ ಮೀನು ಅದನ್ನು ಕಚ್ಚಿದ ಕ್ಷಣದಲ್ಲೇ ಉಗುಳಲು ನೋಡುತ್ತದೆ, ಆದ್ದರಿಂದ ಕೊಕ್ಕೆ ತುಟಿಯಲ್ಲಿಯೇ ನಿಲ್ಲುತ್ತದೆ. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಂಡರೆ ಎರಡು ಬೆರಳಿನಲ್ಲಿ ಬಿಡಿಸಬಹುದು. ಹಿಡಿದದ್ದನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ತೀರ್ಮಾನ ಆಗ ಹಿಡಿದವನ ಕೈಯಲ್ಲಿ ಉಳಿಯುತ್ತದೆ.

ಫ್ಲೈಗೆ ತೂಕವಿಲ್ಲ. ನಮ್ಮ ಬಿದಿರಿನ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ದಾರವೇ ತೂಕ, ಹುಳು ಅದರ ಹಿಂದೆ ಹೋಗುವ ಸವಾರ. ಪ್ಲಾಸ್ಟಿಕ್ ಲೇಪದ ದಪ್ಪ ದಾರವನ್ನು ಒಂಬತ್ತು ಅಡಿಯ ಬಳುಕುವ ಕೋಲಿನಿಂದ ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವವರೆಗೆ ತಾಳಿ, ಮುಂದಕ್ಕೆ ತಳ್ಳಬೇಕು. ಆ ತಾಳ್ಮೆಯ ಅರೆಕ್ಷಣವೇ ಇಡೀ ವಿದ್ಯೆ. ದಾರಗಳಿಗೆ ತೂಕದ ಮೇಲೆ ನಂಬರು ಕೊಟ್ಟಿದ್ದಾರೆ. 5ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ, 8ನೇ ನಂಬರಿನದು ಸುಮಾರು 13½ ಗ್ರಾಂ. ಬ್ಲೂಗಿಲ್‌ಗೆ 3ರಿಂದ 5 ಸಾಕು. ದೊಡ್ಡ ಹುಸಿಕಪ್ಪೆಯನ್ನು ಗಾಳಿಗೆದುರಾಗಿ ಎಸೆಯಬೇಕಾದ ಬಾಸ್‌ಗೆ 6ರಿಂದ 8 ಬೇಕು. ದಾರದ ತುದಿಗೆ ಏಳರಿಂದ ಒಂಬತ್ತು ಅಡಿ ತೆಳ್ಳನೆಯ ನೈಲಾನ್ ಎಳೆ, ಅದರ ತುದಿಗೆ ಫ್ಲೈ. ಬೆನ್ನ ಹಿಂದೆ ಬಯಲಿರಬೇಕು. ದನ ಮೇಯ್ದು ಬೋಳಾದ ಏರಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಸಿಲ್ವರ್ ಓಕ್ ಸಾಲಿನ ಕೆಳಗೆ ನಿಂತು ಇದನ್ನು ಬೀಸಿದರೆ ಹಿಡಿಯುವುದು ಮರವನ್ನೇ.

ಫ್ಲೈ ಗಾಳ ಎಂದರೆ ತಣ್ಣೀರಿನ ಟ್ರೌಟ್ ಮೀನಿನ, ಶ್ರೀಮಂತರ ಆಟ ಎಂಬ ಭಾವನೆ ಅಮೆರಿಕದಲ್ಲಿಯೂ ಇತ್ತು. ವೈದ್ಯರಾಗಿದ್ದ ಜೇಮ್ಸ್ ಹೆನ್‌ಶಲ್ ಎಂಬುವರು 1881ರಲ್ಲಿ ಬಾಸ್ ಮೀನಿನ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದು, ಇದು ಯಾವ ಮೀನಿಗೂ ಕಡಿಮೆಯಲ್ಲ ಎಂದು ವಾದಿಸಿದರು. 20ನೇ ಶತಮಾನದ ಆರಂಭದಲ್ಲಿ ಟೆನ್ನೆಸಿ ರಾಜ್ಯದ ಚಟನೂಗಾ ಊರಿನ ಅರ್ನೆಸ್ಟ್ ಪೆಕಿನ್‌ಪಾ ಬಿರಡೆಯ ಚೂರನ್ನು ಕೊಕ್ಕೆಗೆ ಅಂಟಿಸಿ ತೇಲುವ ಹುಳುಗಳನ್ನು ಮಾಡಿ ಮಾರಿದರು. ಮುಖ ಚಪ್ಪಟೆಯಾಗಿ ಕೊರೆದ ಇಂಥದ್ದನ್ನು ‘ಪಾಪರ್’ ಎನ್ನುತ್ತಾರೆ. ದಾರ ಎಳೆದರೆ ನೀರಿನ ಮೇಲೆ ‘ಪೊಳಕ್’ ಎಂದು ಸದ್ದು ಮಾಡುತ್ತದೆ. 1977ರಿಂದ 1981ರವರೆಗೆ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಜಾರ್ಜಿಯ ರಾಜ್ಯದ ಕಡಲೆಕಾಯಿ ಬೆಳೆಗಾರರು. ಅವರಿಗೂ ಫ್ಲೈ ಗಾಳದ ಹುಚ್ಚು ಬಲವಾಗಿತ್ತು.

ಈಗ ಹಿಡಿಯುವ ಕ್ರಮಕ್ಕೆ ಬರೋಣ. ವಸಂತದಲ್ಲಿ ನೀರು 16 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಬಾಸ್ ದಡದ ಹತ್ತಿರ ಬಂದು ಗೂಡು ಮಾಡುತ್ತದೆ. ಗಂಡು ಬಾಲದಿಂದ ಮಣ್ಣು ಗುಡಿಸಿ ಬಟ್ಟಲು ಮಾಡಿ, ಮೊಟ್ಟೆ ಬಿದ್ದ ಮೇಲೆ ಕಾವಲು ನಿಲ್ಲುತ್ತದೆ. ಆಗ ಹತ್ತಿರ ಏನು ಬಿದ್ದರೂ ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತದೆ. ಹಿಡಿಯುವುದು ಸುಲಭ, ಆದರೆ ಕಾವಲುಗಾರನನ್ನು ಎತ್ತಿದ ಸ್ವಲ್ಪ ಹೊತ್ತಿನಲ್ಲೇ ಬ್ಲೂಗಿಲ್‌ಗಳು ಗೂಡು ಖಾಲಿ ಮಾಡುತ್ತವೆ. ಹದ ತಪ್ಪಿದ ಕೆರೆಯಲ್ಲಿ ಈ ದಿನಗಳಲ್ಲಿ ಗೂಡಿನ ಮೇಲೆ ಗಾಳ ಹಾಕದಿರುವುದೇ ಲೇಸು.

ನೀರು 21 ಡಿಗ್ರಿ ದಾಟಿದ ಮೇಲೆ ಬ್ಲೂಗಿಲ್‌ನ ಸರದಿ. ಎರಡು ಮೂರು ಅಡಿ ನೀರಿನಲ್ಲಿ ಹತ್ತಾರು ಗೂಡುಗಳು ಒಂದಕ್ಕೊಂದು ಅಂಟಿಕೊಂಡು, ಮೇಲಿನಿಂದ ನೋಡಿದರೆ ಜೇನುಹುಟ್ಟಿನಂತೆ ಕಾಣುತ್ತವೆ. ಬಾಸ್ ವರ್ಷಕ್ಕೊಂದು ಋತುವಿನಲ್ಲಿ ಮೊಟ್ಟೆಯಿಟ್ಟರೆ, ಬ್ಲೂಗಿಲ್ ಬೇಸಿಗೆಯುದ್ದಕ್ಕೂ ಮತ್ತೆ ಮತ್ತೆ ಇಡುತ್ತದೆ. ಒಂದೊಂದು ಹೆಣ್ಣು ಸಾವಿರಗಟ್ಟಲೆ. ಈ ಕಾಲದಲ್ಲಿ ಹತ್ತನೇ ನಂಬರಿನ ಸಣ್ಣ ಕೊಕ್ಕೆಗೆ ಕಟ್ಟಿದ ಇರುವೆಯೋ ರಬ್ಬರ್ ಕಾಲಿನ ಜೇಡವೋ ಸಾಕು. ನೀರಿಗೆ ಹಾಕಿ ಸುಮ್ಮನಿರಬೇಕು. ಹೊಸಬರು ಕೂಡಲೇ ಎಳೆಯುತ್ತಾರೆ. ಬ್ಲೂಗಿಲ್ ಹುಳುವಿನ ಕೆಳಗೆ ಬಂದು ನಿಂತು, ಒಂದು ನಿಮಿಷ ನೋಡಿ, ಆಮೇಲೆ ಹೀರುತ್ತದೆ. ಹಿಡಿದಾಗ ಮೈ ಅಡ್ಡ ತಿರುಗಿಸಿ ಸುತ್ತು ಹೊಡೆಯುವ ಅದರ ಬಲ ನೋಡಿದರೆ ಅರ್ಧ ಪೌಂಡಿನ ಮೀನು ಎಂದು ನಂಬುವುದು ಕಷ್ಟ. ಬೆನ್ನಿನ ಮುಳ್ಳುಗಳನ್ನು ಮುಂದಿನಿಂದ ಹಿಂದಕ್ಕೆ ಸವರಿ ಮಡಿಸಿ ಹಿಡಿಯದಿದ್ದರೆ ಅಂಗೈಗೆ ಚುಚ್ಚುತ್ತವೆ.

ಗೂಡಿನ ಮೇಲಿನ ಬ್ಲೂಗಿಲ್ ಬಗ್ಗೆ ಒಂದು ವಿಷಯ ಬಹಳ ಕಾಲ ಯಾರಿಗೂ ಹೊಳೆದಿರಲಿಲ್ಲ. ಎಷ್ಟು ಬೇಕಾದರೂ ಹುಟ್ಟುವ ಮೀನಲ್ಲವೇ ಎಂದು ದೊಡ್ಡ ಗಂಡುಗಳನ್ನೇ ಆರಿಸಿ ಬುಟ್ಟಿ ತುಂಬುತ್ತಿದ್ದರು. ದೊಡ್ಡ ಗಂಡುಗಳು ಇಲ್ಲವಾದರೆ ಎಳೆಯ ಗಂಡುಗಳು ಬೇಗನೆ ಬಲಿತು ಗೂಡು ಹಿಡಿಯುತ್ತವೆ, ಬಲಿತ ಮೇಲೆ ಮೈ ಬೆಳೆಸುವುದನ್ನು ಬಿಡುತ್ತವೆ. ಆಹಾರ ಇದ್ದರೂ ಮೀನು ಸಣ್ಣದಾಗಿಯೇ ಉಳಿಯುತ್ತದೆ. ಆದ್ದರಿಂದ ತಿಳಿದವರು ಈಗ ನಡುಗಾತ್ರದವನ್ನು ಬುಟ್ಟಿಗೆ ಹಾಕಿ, ಒಂಬತ್ತು ಅಂಗುಲದ ಗಂಡನ್ನು ನೀರಿಗೆ ಬಿಡುತ್ತಾರೆ.

ಬಾಸ್‌ಗೆ ಬೇಸಿಗೆಯಲ್ಲಿ ಬೆಳಗಿನ ಜಾವ ಮತ್ತು ಮುಸ್ಸಂಜೆ ಒಳ್ಳೆಯದು. ನೀರು ಬಿಸಿಯಾದ ಕೆರೆಯಲ್ಲಿ ಮೇಲೆ ಬೆಚ್ಚನೆಯ ಪದರ, ಕೆಳಗೆ ತಣ್ಣನೆಯ ಪದರ ನಿಲ್ಲುತ್ತವೆ. ಕೆಳಗಿನದರಲ್ಲಿ ಪ್ರಾಣವಾಯು ಮುಗಿದುಹೋಗಿರುತ್ತದೆ. ಆದ್ದರಿಂದ ನಡುಮಧ್ಯಾಹ್ನ ಬಾಸ್ ತಳದಲ್ಲಿರುವುದಿಲ್ಲ. ಮುಳುಗಿದ ಮರ, ಕಳೆಯ ಅಂಚು, ಏರಿಯ ನೆರಳು ಇಂಥಲ್ಲಿ ಇರುತ್ತದೆ. ಸಂಜೆ ದಡದ ಹುಲ್ಲಿನಿಂದ ಒಂದಡಿ ದೂರಕ್ಕೆ ಪಾಪರ್ ಬೀಳಬೇಕು, ಕಪ್ಪೆ ಜಾರಿ ಬಿದ್ದಂತೆ. ಬಿದ್ದ ಅಲೆಯ ಉಂಗುರಗಳು ಪೂರ್ತಿ ಅಡಗುವವರೆಗೆ ಮುಟ್ಟಬಾರದು. ಆಮೇಲೆ ಒಮ್ಮೆ ‘ಪೊಳಕ್’, ಮತ್ತೆ ಮೌನ. ಬಾಸ್ ಬರುವುದು ಹೆಚ್ಚಾಗಿ ಆ ಮೌನದಲ್ಲಿ. ನೀರು ಒಡೆದು, ದೊಡ್ಡ ಕಲ್ಲು ಬಿದ್ದ ಸದ್ದಾಗುತ್ತದೆ. ಬೆಚ್ಚಿಬಿದ್ದು ಕೋಲೆತ್ತಿದರೆ ಹುಳು ಬಾಯಿಂದ ಜಾರಿ ಬರುತ್ತದೆ. ದಾರ ಬಿಗಿಯಾದುದನ್ನು ಕೈಯಲ್ಲಿ ತಿಳಿದು ಎಳೆಯಬೇಕು. ನಮ್ಮ ಕಡೆ ಕೊರವ ಮೀನಿಗೆ ಕಪ್ಪೆ ಕಟ್ಟಿ ಗಾಳ ಹಾಕಿದವರಿಗೆ ಈ ಎದೆಬಡಿತ ಹೊಸದಲ್ಲ.

ಹಿಡಿದ ಮೀನನ್ನು ಅಳೆಯುವುದೇ ಕೆರೆಯನ್ನು ಓದುವ ವಿಧಾನ. ಬಲೆ ಎಳೆಯುವ ಖರ್ಚೂ ಬೇಡ, ಕೆರೆ ಬರಿದು ಮಾಡುವುದೂ ಬೇಡ. ಸಿಕ್ಕುವ ಬ್ಲೂಗಿಲ್ ಎಲ್ಲ ಮೂರರಿಂದ ಐದು ಅಂಗುಲ, ಬಾಸ್ ಅಪರೂಪ, ಸಿಕ್ಕಿದರೆ ಭಾರಿಯದು ಎಂದಾದರೆ ಕೆರೆಯಲ್ಲಿ ಬ್ಲೂಗಿಲ್ ಕಿಕ್ಕಿರಿದಿದೆ. ಆಗ ಒಂದು ಬಾಸ್‌ನ್ನೂ ಮುಟ್ಟದೆ ಸಣ್ಣ ಬ್ಲೂಗಿಲ್‌ಗಳನ್ನು ಬುಟ್ಟಿಗಟ್ಟಲೆ ತೆಗೆಯಬೇಕು, ಅವು ಅವಿತುಕೊಳ್ಳುವ ನೀರುಕಳೆಯನ್ನೂ ಕಡಿಮೆ ಮಾಡಬೇಕು. ಇದಕ್ಕೆ ತದ್ವಿರುದ್ಧವಾಗಿ, ಬಾಸ್ ಬೇಕಾದಷ್ಟು ಸಿಕ್ಕುತ್ತವೆ, ಆದರೆ ಎಲ್ಲ ಎಂಟರಿಂದ ಹನ್ನೆರಡು ಅಂಗುಲ, ತಲೆ ದೊಡ್ಡದು ಹೊಟ್ಟೆ ಬತ್ತಿದ್ದು. ಬ್ಲೂಗಿಲ್ ಕಡಿಮೆ, ಇದ್ದವು ಎಂಟು ಅಂಗುಲ ಎಂದಾದರೆ ಬಾಸ್ ಹೆಚ್ಚಾಗಿವೆ. ಒಂದು ಪೌಂಡ್ ಬಾಸ್ ಬೆಳೆಯಲು ಸುಮಾರು ಹತ್ತು ಪೌಂಡ್ ಆಹಾರದ ಮೀನು ಬೇಕೆಂಬ ಅಂದಾಜಿದೆ. ಇಲ್ಲಿ ಅದು ಇಲ್ಲ. ಆಗ ಹದಿನಾಲ್ಕು ಅಂಗುಲದೊಳಗಿನ ಬಾಸ್‌ಗಳನ್ನು ವರ್ಷಕ್ಕೆ ಎಕರೆಗೆ ಹತ್ತಿಪ್ಪತ್ತು ಪೌಂಡಿನಂತೆ ತೆಗೆಯಲೇಬೇಕು. ಫಲವತ್ತಾದ ನೀರಾದರೆ ಇನ್ನೂ ಹೆಚ್ಚು.

ವಿಚಿತ್ರವೆಂದರೆ, ಇಂದು ಅಮೆರಿಕದ ಖಾಸಗಿ ಕೆರೆಗಳಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ರೋಗ. ಅಲಬಾಮದ ರೇ ಸ್ಕಾಟ್ 1967ರಲ್ಲಿ ಬಾಸ್ ಹಿಡಿಯುವ ಸ್ಪರ್ಧೆಗಳನ್ನು ಆರಂಭಿಸಿ, 1972ರಲ್ಲಿ ಹಿಡಿದ ಮೀನನ್ನು ಜೀವಂತ ಬಿಡಬೇಕೆಂಬ ಪ್ರಚಾರ ಕೈಗೊಂಡರು. ದೊಡ್ಡ ಸಾರ್ವಜನಿಕ ಜಲಾಶಯಗಳಿಗೆ ಅದು ಒಳಿತು ಮಾಡಿತು. ಆದರೆ ಅದೇ ನೇಮವನ್ನು ಐದೆಕರೆಯ ಕೆರೆಗೆ ತಂದು, ಪ್ರತಿಯೊಂದು ಬಾಸ್‌ಗೂ ಜೀವದಾನ ಮಾಡಿದರೆ ಕೆರೆ ಹಸಿದ ಬಾಸ್‌ಗಳ ಗಂಜಿಕೇಂದ್ರವಾಗುತ್ತದೆ. ದಿನಕ್ಕಿಷ್ಟು ಶುಲ್ಕ ಪಡೆದು ಹೊರಗಿನವರಿಗೆ ಗಾಳ ಹಾಕಲು ಬಿಡುವ ರ‍್ಯಾಂಚ್‌ಗಳು ಟೆಕ್ಸಾಸ್‌ನಲ್ಲಿ ಹಲವಿವೆ. ದನದ ಬೆಲೆ ಬಿದ್ದ ವರ್ಷ ಆ ಹಣ ಸಣ್ಣದಲ್ಲ. ದೊಡ್ಡ ಬಾಸ್ ಸಿಗದ ಕೆರೆಗೆ ಬಂದ ಅತಿಥಿ ಮರುವರ್ಷ ಬರುವುದಿಲ್ಲ. ಆದ್ದರಿಂದ ಎಚ್ಚರದ ಯಜಮಾನರು ಗೇಟಿನ ಬಳಿ ಒಂದು ಪುಸ್ತಕ ಇಟ್ಟಿರುತ್ತಾರೆ: ಯಾವ ಮೀನು, ಎಷ್ಟು ಅಂಗುಲ, ಇಟ್ಟದ್ದೋ ಬಿಟ್ಟದ್ದೋ. ಕೆಲವರು ಹನ್ನೆರಡು ಅಂಗುಲದ ಬಾಸ್‌ನ್ನು ನೀರಿಗೆ ಮರಳಿಸುವುದು ನಿಷಿದ್ಧ ಎಂದೇ ಹೇಳುತ್ತಾರೆ. ತಿನ್ನಲಾರದಿದ್ದರೆ ಬೇಲಿಯಾಚೆಯವರಿಗೆ ಕೊಡಿ, ಕೆರೆಗೆ ಮಾತ್ರ ಬೇಡ.

ಇಷ್ಟು ಓದಿದ ಮೇಲೆ, ಈ ಜೋಡಿಯನ್ನು ತರಿಸಿ ನಮ್ಮ ತೋಟದ ಕೆರೆಗೂ ಬಿಟ್ಟರೆ ಹೇಗೆ ಎಂದು ಯಾರಿಗಾದರೂ ಅನಿಸಿದರೆ, ದಯವಿಟ್ಟು ಬೇಡ. ನಮ್ಮ ಕೆರೆ ಕೋಡಿ ಬಿದ್ದರೆ ನೀರು ಹಳ್ಳಕ್ಕೆ, ಹಳ್ಳ ಹೊಳೆಗೆ. ಮುಂಗಾರಿನಲ್ಲಿ ಹತ್ತುಮೀನು ಹೊಳೆಯಿಂದ ಗದ್ದೆಗೆ ಏರಿ ಬರುವ ದಾರಿಯಲ್ಲೇ ಕೆರೆಯ ಮೀನು ಹೊಳೆಗೂ ಇಳಿಯುತ್ತದೆ. 1952ರಲ್ಲಿ ಭಾರತಕ್ಕೆ ತಂದ ಜಿಲೇಬಿ ಮೀನು ಎಲ್ಲೆಲ್ಲಿ ಸೇರಿಕೊಂಡಿದೆಯೆಂದು ತಾವೇ ಬಲ್ಲಿರಿ. ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ಅಟಿಟ್ಲಾನ್ ಸರೋವರಕ್ಕೆ 1950ರ ದಶಕದ ಕೊನೆಯಲ್ಲಿ ಪ್ರವಾಸಿಗರನ್ನು ಸೆಳೆಯಲೆಂದು ಬಾಸ್ ಬಿಟ್ಟರು. ಅಲ್ಲಿನ ಸಣ್ಣ ಮೀನು, ಏಡಿಗಳು ಕರಗಿದವು. ಆ ಸರೋವರ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇರದಿದ್ದ ಒಂದು ಮುಳುಗುಹಕ್ಕಿ ಈಗ ಇಲ್ಲ. ಅದರ ಅಳಿವಿಗೆ ಬಾಸ್ ಒಂದು ಮುಖ್ಯ ಕಾರಣ.

ಜಪಾನಿಗೆ ಬಾಸ್ ಹೋದದ್ದು 1925ರಲ್ಲಿ. ಬ್ಲೂಗಿಲ್ ಹೋದದ್ದು 1960ರಲ್ಲಿ, ಆಗ ಯುವರಾಜರಾಗಿದ್ದ ಅಕಿಹಿಟೊ ಅವರಿಗೆ ಷಿಕಾಗೊ ನಗರದ ಮೇಯರ್ ಕೊಟ್ಟ ಕಾಣಿಕೆಯಾಗಿ. ಸಾಕಿ ತಿನ್ನಲು ಒಳ್ಳೆಯ ಮೀನಾದೀತೆಂದು ಅವರು ಅದನ್ನು ಸಂಶೋಧನಾ ಕೇಂದ್ರಕ್ಕೆ ಕೊಟ್ಟರು. ಅದು ದೇಶದ ಕೆರೆಗಳಿಗೆಲ್ಲ ಹಬ್ಬಿತು. ಚಕ್ರವರ್ತಿಯಾದ ಮೇಲೆ, 2007ರಲ್ಲಿ, ಅವರು ಬಹಿರಂಗವಾಗಿಯೇ ಈ ಬಗ್ಗೆ ನೋವು ತೋಡಿಕೊಂಡರು. ಜಾರ್ಜಿಯದ ಒಂದು ಸರೋವರದಲ್ಲಿ 1932ರಲ್ಲಿ ಹಿಡಿದ 22 ಪೌಂಡ್ 4 ಔನ್ಸ್ ಬಾಸ್‌ನ ವಿಶ್ವದಾಖಲೆಗೆ ಸರಿಸಮನಾದ ಮೀನು 2009ರಲ್ಲಿ ಸಿಕ್ಕಿದ್ದು ಅಮೆರಿಕದಲ್ಲಿ ಅಲ್ಲ, ಜಪಾನಿನ ಬಿವಾ ಸರೋವರದಲ್ಲಿ. ಆ ಸರೋವರವಿರುವ ಷಿಗಾ ಪ್ರಾಂತ್ಯದಲ್ಲಿ 2003ರಿಂದ, ಹಿಡಿದ ಬಾಸ್ ಮತ್ತು ಬ್ಲೂಗಿಲ್‌ಗಳನ್ನು ನೀರಿಗೆ ಮರಳಿ ಬಿಡಬಾರದೆಂಬ ನಿಯಮವಿದೆ. ಗಾಳ ಹಾಕುವವರು ಅವನ್ನು ಹಾಕಿ ಹೋಗಲೆಂದು ದಡದಲ್ಲಿ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ.